ಕಡಲೆಕಾಯಿ ತಿನ್ನುತ್ತಾ ಕಾರ್ಟರ್ ಸೋಲಿನ ವಿಚಾರಣೆ

ರಾಯರು ಪೊಟ್ಟಣ ಬಿಚ್ಚಿ ಹುರಿದ ಕಡಲೆಕಾಯಿಯನ್ನು ಪಾರ್ಕಿನ ಕಲ್ಲುಬೆಂಚಿನ ಮೇಲೆ ಸುರಿದ ಕೂಡಲೇ ಮೇಷ್ಟ್ರಿಗೆ ಜಿಮ್ಮಿ ಕಾರ್ಟರ್ ನೆನಪಾದರು. ಜಾರ್ಜಿಯಾದ ಪ್ಲೇನ್ಸ್ ಎಂಬ ಪುಟ್ಟ ಊರಿನಲ್ಲಿ ಕಡಲೆಕಾಯಿ ಬೆಳೆದು, ಅಮೆರಿಕದ ಅಧ್ಯಕ್ಷರಾಗಿ, 1980ರ ನವೆಂಬರ್ 4ರಂದು ರೊನಾಲ್ಡ್ ರೇಗನ್ ಎದುರು ನೆಲಕಚ್ಚಿದ ಆ ಮನುಷ್ಯನ ಬಗ್ಗೆ ಮೇಷ್ಟ್ರಿಗೆ ಮೊದಲಿನಿಂದಲೂ ಮರುಕ. ರಾಯರಾದರೋ ಬ್ಯಾಂಕಿನಲ್ಲಿ ಮೂವತ್ತು ವರ್ಷ ಬಡ್ಡಿ ಲೆಕ್ಕ ಹಾಕಿದವರು. ಮರುಕವನ್ನು ಅವರು ಯಾವ ಖಾತೆಗೂ ಜಮಾ ಮಾಡುವುದಿಲ್ಲ.

“ಆ ಚುನಾವಣೆಯಲ್ಲಿ ಅಮೆರಿಕ ಬಲಪಂಥಕ್ಕೆ ಹೊರಳಿತೆಂದು ಎಲ್ಲರೂ ಬರೆಯುತ್ತಾರೆ. ನನ್ನ ಲೆಕ್ಕದಲ್ಲಿ ಹೊರಳಿದ್ದು ಜೇಬು ಮಾತ್ರ” ಎಂದು ರಾಯರು ಆರಂಭಿಸಿದರು. “ಬೆಲೆಗಳು ಒಂದೇ ವರ್ಷದಲ್ಲಿ ಶೇಕಡ 13ಕ್ಕೂ ಹೆಚ್ಚು ಏರಿದರೆ ಸಾಕ್ಷಾತ್ ದೇವರು ನಿಂತರೂ ಠೇವಣಿ ಉಳಿಯುವುದು ಕಷ್ಟ. ಸಾಲದ್ದಕ್ಕೆ, ಟೆಹರಾನಿನಲ್ಲಿ ಅಮೆರಿಕದವರನ್ನು ಒತ್ತೆ ಹಿಡಿದು ಸರಿಯಾಗಿ ಒಂದು ವರ್ಷ ತುಂಬಿದ ದಿನವೇ ಮತದಾನ. ವರ್ಷಾಬ್ದಿಕದ ದಿನ ಮದುವೆಗೆ ಮುಹೂರ್ತ ಇಟ್ಟುಕೊಂಡ ಹಾಗಾಯಿತು!”

“ಮುಹೂರ್ತ ಹೇಗಾದರೂ ಇರಲಿ, ಕಾರ್ಟರ್ ತಮ್ಮ ನಾಲಿಗೆಯನ್ನಾದರೂ ಕಾಯ್ದುಕೊಳ್ಳಬೇಕಿತ್ತು” ಎಂದು ಮೇಷ್ಟ್ರು ನಿಟ್ಟುಸಿರಿಟ್ಟರು. ಮತದಾನಕ್ಕೆ ಒಂದು ವಾರ ಮೊದಲು ಕ್ಲೀವ್‌ಲ್ಯಾಂಡಿನಲ್ಲಿ ನಡೆದ ಟಿವಿ ಚರ್ಚೆಯಲ್ಲಿ, ಎಲ್ಲಕ್ಕಿಂತ ಮುಖ್ಯವಾದ ವಿಷಯ ಯಾವುದೆಂದು ಹದಿಮೂರು ವರ್ಷದ ಮಗಳು ಏಮಿಯನ್ನು ಕೇಳಿದೆ, ಅವಳು ಅಣ್ವಸ್ತ್ರ ಎಂದಳು ಎಂದು ಕಾರ್ಟರ್ ಹೇಳಿದರು. ಅದೇ ವೇದಿಕೆಯಲ್ಲಿ ರೇಗನ್, ನಾಲ್ಕು ವರ್ಷದ ಹಿಂದಿಗಿಂತ ನಿಮ್ಮ ಸ್ಥಿತಿ ಈಗ ಮೇಲಾಗಿದೆಯೇ ಎಂದು ನೋಡುಗರನ್ನೇ ಕೇಳಿಬಿಟ್ಟರು. ಉತ್ತರವನ್ನು ದಿನಸಿ ಅಂಗಡಿಯ ಚೀಟಿಯೇ ಹೇಳಿತು.

ನನಗೆ ಬಗೆಹರಿಯದ ಸಂಗತಿ ಬೇರೆಯೇ ಇತ್ತು. ಕಾರ್ಟರ್ ಚರ್ಚಿನಲ್ಲಿ ಬೈಬಲ್ ಪಾಠ ಹೇಳುತ್ತಿದ್ದ ದೈವಭಕ್ತ. ರೇಗನ್ ಹಾಲಿವುಡ್ ನಟ, ಒಮ್ಮೆ ವಿಚ್ಛೇದನ ಪಡೆದು ಮರುಮದುವೆಯಾದವರು, ಚಿಂಪಾಂಜಿಯೊಂದರ ಜೊತೆಗೂ ತೆರೆ ಹಂಚಿಕೊಂಡವರು. ಹೀಗಿದ್ದೂ ಪಾದ್ರಿ ಜೆರ್ರಿ ಫಾಲ್‌ವೆಲ್ 1979ರಲ್ಲಿ ಕಟ್ಟಿದ ‘ಮಾರಲ್ ಮೆಜಾರಿಟಿ’ ಎಂಬ ಸಂಪ್ರದಾಯವಾದಿ ಕ್ರೈಸ್ತರ ಸಂಘಟನೆ ಒಲಿದದ್ದು ರೇಗನ್ನರಿಗೆ. “ತ್ರಿಕಾಲ ಸಂಧ್ಯಾವಂದನೆ ಮಾಡುವ ಹುಡುಗನನ್ನು ಬಿಟ್ಟು ನಾಟಕ ಕಂಪನಿಯವನಿಗೆ ಹೆಣ್ಣು ಕೊಟ್ಟಂತಲ್ಲವೇ ಇದು?” ಎಂದೆ.

ಮೇಷ್ಟ್ರು ಕಾಯಿ ಸುಲಿಯುವುದನ್ನೇ ಮರೆತರು. “ಅವರಿಗೆ ಭಕ್ತನಿಗಿಂತ ವಕೀಲ ಬೇಕಾಗಿತ್ತಪ್ಪ. ಗರ್ಭಪಾತಕ್ಕೆ 1973ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಹಕ್ಕು, ಶಾಲೆಗಳಲ್ಲಿ ನಿಂತುಹೋದ ಪ್ರಾರ್ಥನೆ, ಖಾಸಗಿ ಕ್ರೈಸ್ತ ಶಾಲೆಗಳ ತೆರಿಗೆ ವಿನಾಯಿತಿಯ ಮೇಲೆ ಬಿದ್ದ ಸರ್ಕಾರದ ಕಣ್ಣು, ಇವೆಲ್ಲವೂ ಅವರನ್ನು ಕೆರಳಿಸಿದ್ದವು. ಕಾರ್ಟರ್ ಈ ಜನರ ಜೊತೆ ಪ್ರಾರ್ಥಿಸಬಲ್ಲವರಾಗಿದ್ದರು. ರೇಗನ್ ಈ ಜನರ ಪರವಾಗಿ ವಾದಿಸುವೆನೆಂದರು.”

ರಾಯರು ಜಗ್ಗಲಿಲ್ಲ. “ರಾಜ್ಯವಾರು ಲೆಕ್ಕದಲ್ಲಿ ಅಧ್ಯಕ್ಷರನ್ನು ಆರಿಸುವ ಚುನಾಯಕರ ಮತ 489ಕ್ಕೆ 49 ಎಂಬುದು ಕಣ್ಣುಕಟ್ಟು. ಜನರ ಮತದಲ್ಲಿ ರೇಗನ್ನರಿಗೆ ದಕ್ಕಿದ್ದು ಶೇಕಡ 50.7 ಮಾತ್ರ. ಪಕ್ಷೇತರರಾಗಿ ನಿಂತಿದ್ದ ಜಾನ್ ಆಂಡರ್ಸನ್ ಶೇಕಡ 6.6 ಪಡೆದೂ ಬರಿಗೈಯಲ್ಲಿ ಮನೆಗೆ ಹೋದರು. ನಮ್ಮ ಬ್ಯಾಂಕಿನಲ್ಲಿ ಯಾರಾದರೂ ಹೀಗೆ ಬಡ್ಡಿ ಕಟ್ಟಿದ್ದರೆ ಅಮಾನತು ಮಾಡುತ್ತಿದ್ದೆವು.”

“ಹಾಗಾದರೆ ಅದೇ ದಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಹನ್ನೆರಡು ಸ್ಥಾನ ಹೆಚ್ಚಿಸಿಕೊಂಡು ರೇಗನ್ ಪಕ್ಷದವರಾದ ರಿಪಬ್ಲಿಕನ್ನರು ಕಾಲು ಶತಮಾನದ ನಂತರ ಬಹುಮತ ಪಡೆದದ್ದೂ ಕಣ್ಣುಕಟ್ಟೇ? ಆಸ್ತಿ ತೆರಿಗೆಗೆ ಮಿತಿ ಹಾಕಬೇಕೆಂದು ಕ್ಯಾಲಿಫೋರ್ನಿಯಾದ ಜನ 1978ರಲ್ಲೇ ಮತ ಹಾಕಿರಲಿಲ್ಲವೇ?” ಎಂದು ಮೇಷ್ಟ್ರು ಎದ್ದು ನಿಂತರು; ಅವರು ಎದ್ದು ನಿಂತರೆಂದರೆ ಪೀರಿಯಡ್ ಶುರುವಾಯಿತೆಂದೇ ಅರ್ಥ. “ರೇಗನ್ ಹೊಸ ಅಂಗಡಿಯನ್ನೇನೂ ತೆರೆಯಲಿಲ್ಲ. 1964ರ ಅಧ್ಯಕ್ಷ ಚುನಾವಣೆಯಲ್ಲಿ ಅದೇ ಪಕ್ಷದ ಬ್ಯಾರಿ ಗೋಲ್ಡ್‌ವಾಟರ್ ಆರೇ ರಾಜ್ಯ ಗೆದ್ದು ನಷ್ಟದಲ್ಲಿ ಬಿಟ್ಟುಹೋದ ಬಲಪಂಥದ ಅಂಗಡಿಗೆ ಸುಣ್ಣಬಣ್ಣ ಬಳಿದು, ನಗುನಗುತ್ತಾ ಗಲ್ಲಾದಲ್ಲಿ ಕುಳಿತರು. ಗಿರಾಕಿಗಳು ಬೆಲೆಯೇರಿಕೆಯ ಸಿಟ್ಟಿಗೇ ಒಳಗೆ ಬಂದಿರಬಹುದು, ಆದರೆ ಅಲ್ಲೇ ಖಾತೆ ತೆರೆದರು. 1996ರಲ್ಲಿ, ದೊಡ್ಡ ಸರ್ಕಾರದ ಕಾಲ ಮುಗಿಯಿತು ಎಂದು ಸಾರಿದವರು ಯಾರು? ಕಾರ್ಟರ್ ಪಕ್ಷದವರೇ ಆದ ಬಿಲ್ ಕ್ಲಿಂಟನ್! ಎದುರು ಅಂಗಡಿಯವನೂ ಅದೇ ಸರಕು ಇಟ್ಟಮೇಲೆ ಪೇಟೆ ಹೊರಳಲಿಲ್ಲವೆಂದು ಹೇಗೆ ಹೇಳುತ್ತೀರಿ?”

ರಾಯರು ಉತ್ತರಿಸಲಿಲ್ಲ. ಗೆದ್ದ ಸಂತೋಷದಲ್ಲಿ ಮೇಷ್ಟ್ರು ಕುಳಿತು ಕೈ ಚಾಚಿದರೆ ಬೆಂಚಿನ ಮೇಲೆ ಬರೀ ಸಿಪ್ಪೆ. ರಾಯರು ಕೊನೆಯ ಬೀಜವನ್ನು ಸಾವಧಾನವಾಗಿ ಅಗಿದು ನುಂಗಿ ಕೇಳಿದರು:

“ಹೇಳಿ ಮೇಷ್ಟ್ರೇ, ಅರ್ಧ ಗಂಟೆಯ ಹಿಂದಿಗಿಂತ ನಿಮ್ಮ ಸ್ಥಿತಿ ಈಗ ಮೇಲಾಗಿದೆಯೇ?”