ಗೋಸುಂಬೆ ಗೂಡಿನ ಗಿಡಕ್ಕೆ ನೀರು ‘ಹಾಕು’ವುದೋ, ‘ಚಿಮುಕಿಸು’ವುದೋ?

ಎಲ್ಲರಿಗೂ ಮೈಸೂರಿನಿಂದ ನಮಸ್ಕಾರ.

ನನಗೊಂದು ಕ್ರಿಯಾಪದ ಬೇಕಾಗಿದೆ. ಕಥೆ ಸ್ವಲ್ಪ ಉದ್ದ, ಆದರೆ ಅದನ್ನು ಹೇಳದೆ ಪದ ಕೇಳಿದರೆ ಅರ್ಥವಾಗುವುದಿಲ್ಲ.

ನಮ್ಮ ಅಕ್ಕನ ಮಗಳು ಅಮೆರಿಕದಲ್ಲಿದ್ದಾಳೆ, ಅಲ್ಲಿ ಒಂದು ಗೋಸುಂಬೆ ಸಾಕಿದ್ದಾಳೆ. ಯೆಮನ್ ಕಡೆಯ ಜಾತಿ, ತಲೆ ಮೇಲೆ ಕಿರೀಟದಂಥ ಎತ್ತರದ ಉಬ್ಬು. (ನಮ್ಮ ಬೇಲಿಸಾಲಿನ ಗೋಸುಂಬೆಯನ್ನು ಹಿಡಿದು ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ದಯವಿಟ್ಟು ಯಾರೂ ಆ ಕೆಲಸಕ್ಕೆ ಹೋಗಬೇಡಿ.) ನಾಲ್ಕಡಿ ಎತ್ತರದ ಜಾಲರಿ ಗೂಡು. ಒಳಗೆ ಕುಂಡಗಳಲ್ಲಿ ಮನಿ ಪ್ಲಾಂಟ್, ದಾಸವಾಳ, ಸಣ್ಣೆಲೆಯ ಫೈಕಸ್ (ಆಲದ ಜಾತಿಯ ಗಿಡ). ಗಿಡ ಇಟ್ಟಿರುವುದು ಅಂದಕ್ಕಲ್ಲ. ಗೋಸುಂಬೆ ಸಾಮಾನ್ಯವಾಗಿ ಬಟ್ಟಲಿನ ನೀರಿಗೆ ಬಾಯಿ ಹಾಕುವುದಿಲ್ಲ, ಎಲೆ ಮೇಲೆ ಕೂತ ಹನಿಯನ್ನು ನೆಕ್ಕುತ್ತದೆ. ಮರೆಯಾಗಿ ಕೂರಲೂ ಎಲೆ ಬೇಕು. ಈ ಜಾತಿಯದಂತೂ ಎಲೆಯನ್ನು ಕಚ್ಚಿ ತಿನ್ನುತ್ತದೆ ಕೂಡ.

ಹೋದ ವರ್ಷ ಅಕ್ಕ ಅಲ್ಲಿಗೆ ಹೋಗಿದ್ದಳು. ಮಗಳು ಹತ್ತು ದಿನ ಕೆಲಸದ ಮೇಲೆ ಹೊರಗೆ ಹೋಗಬೇಕಾಯಿತು. ‘ಮಾಮ, ಅಮ್ಮನಿಗೆ ಏನೇನು ಮಾಡಬೇಕು ಅಂತ ಕನ್ನಡದಲ್ಲಿ ಬರೆದುಕೊಡಿ’ ಅಂದಳು. ನಾನು ‘ಬೆಳಿಗ್ಗೆ, ಸಂಜೆ ಗಿಡಗಳಿಗೆ ಸಿಂಪಡಿಸಿ’ ಅಂತ ಬರೆದೆ. ಅಕ್ಕ ತಕ್ಷಣ ಫೋನ್ ಮಾಡಿದಳು. ‘ಯಾವ ಔಷಧಿ ಕಣೋ?’

ಅವಳದೇನೂ ತಪ್ಪಿಲ್ಲ. ನಾವು ಬೆಳೆದದ್ದು ಮಂಡ್ಯದ ಹತ್ತಿರ, ಕಬ್ಬು ಭತ್ತದ ನಡುವೆ. ಅಲ್ಲಿ ಸಿಂಪಡಿಸುವುದು ಅಂದರೆ ಔಷಧಿಯೇ. ಈ ಗೂಡಿಗೆ ಔಷಧಿ ಹೊಡೆದರೆ ಎಲೆ ತಿನ್ನುವ ಪ್ರಾಣಿ ಉಳಿಯುತ್ತದಾ? ಹೆದರಿ ‘ಸಿಂಪಡಿಸಿ’ ಅನ್ನುವ ಪದವನ್ನು ಹೊಡೆದುಹಾಕಿ ‘ನೀರು ಹಾಕಿ’ ಅಂತ ಬರೆದೆ. ಅಕ್ಕ ಹೊತ್ತಿಗೆ ಸರಿಯಾಗಿ ಒಂದೊಂದು ಕುಂಡಕ್ಕೂ ಒಂದೊಂದು ಚೊಂಬು ನೀರು ಹಾಕಿದಳು. ಹತ್ತು ದಿನ, ಎರಡು ಹೊತ್ತು. ಫೈಕಸ್ ಎಲೆ ಉದುರಿಸಿತು. ಮನಿ ಪ್ಲಾಂಟಿನ ಬುಡ ಕಂದು ತಿರುಗಿ ಮೆತ್ತಗಾಯಿತು. ಹಿಡಿದು ಎತ್ತಿದರೆ ಬಳ್ಳಿ ಮಾತ್ರ ಕೈಗೆ ಬಂತು, ಬೇರು ಮಣ್ಣಲ್ಲೇ ಉಳಿಯಿತು. ಕೊಚ್ಚೆ ವಾಸನೆ. ನೀರು ತುಂಬಿದ ಮಣ್ಣಲ್ಲಿ ಬೇರಿಗೆ ಗಾಳಿ ಸಿಗಲಿಲ್ಲ, ಕೊಳೆಯಿತು. ಅಲ್ಲಿ ಬೇಕಾಗಿದ್ದದ್ದು ಎಲೆ ನೆನೆಯುವುದು ಅಷ್ಟೇ. ಎಲೆಯಿಂದ ಇಳಿದ ನೀರೇ ಕುಂಡಕ್ಕೆ ಎಷ್ಟೋ ಸಲ ಸಾಕಾಗುತ್ತದೆ.

ನನ್ನ ಪದ ಒಂದು ಗಿಡವನ್ನು ತೆಗೆಯಿತು. ಅದು ಮನಸ್ಸಿನಲ್ಲಿ ಉಳಿದಿದೆ. ಅದಕ್ಕೇ ಕೇಳುತ್ತಿದ್ದೇನೆ.

ನಮ್ಮಲ್ಲಿ ನೀರಿಗೆ ಕ್ರಿಯಾಪದಗಳಿಗೇನು ಬರವೇ? ಗದ್ದೆಗೆ ಕಟ್ಟುತ್ತೇವೆ, ತೋಟಕ್ಕೆ ಹಾಯಿಸುತ್ತೇವೆ, ಬುಡಕ್ಕೆ ಹುಯ್ಯುತ್ತೇವೆ, ಮುಖಕ್ಕೆ ಎರಚುತ್ತೇವೆ. ನನಗೆ ಹತ್ತಿರ ಅನ್ನಿಸಿದ್ದು ‘ಚಿಮುಕಿಸು’. ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುವವರನ್ನು ನೋಡಿ. ಐದೂ ಬೆರಳು ಅದ್ದಿ, ಕಟ್ಟಿನ ಮೇಲೆ ಒಮ್ಮೆ ಒದರಿ, ಒದ್ದೆ ಗೋಣಿ ಮುಚ್ಚುತ್ತಾರೆ. ಎಲೆ ಬಾಡಬಾರದು, ಕೊಳೆಯಲೂಬಾರದು. ಇಸ್ತ್ರಿ ಮಾಡುವವರೂ ಬಟ್ಟೆಗೆ ಹಾಗೇ ಚಿಮುಕಿಸುತ್ತಾರೆ. ಆದರೆ ಈ ಪದದಲ್ಲಿ ಬೆರಳಿನ ಒದರಾಟ ಇದೆ, ದಪ್ಪ ದಪ್ಪ ಹನಿ ಬೀಳುತ್ತದೆ. ಗೂಡಿನಲ್ಲಿ ಬೇಕಾದದ್ದು ಎರಡು ಮೂರು ನಿಮಿಷ ಸೋನೆ ಹಿಡಿದ ಹಾಗೆ ಸಣ್ಣಗೆ ಬೀಳುವ ನೀರು. ‘ಸೋನೆ ಹಿಡಿಸು’ ಅನ್ನಬಹುದಾ? ಚೆನ್ನಾಗಿದೆ, ಆದರೆ ನಾನೇ ಕಟ್ಟಿದ್ದು, ಕಿವಿಗೆ ಹೊಸದು. ‘ಪ್ರೋಕ್ಷಿಸು’ ಬೇಡ, ಅದು ಪೂಜೆಗಿರಲಿ.

ಕ್ರಿಯಾಪದಕ್ಕಿಂತ ವಿಭಕ್ತಿಯೇ ಅರ್ಧ ಕೆಲಸ ಮಾಡುತ್ತದೇನೋ ಅಂತಲೂ ಅನ್ನಿಸಿದೆ. ‘ಗಿಡಕ್ಕೆ’ ಅಂದರೆ ಕೈ ತಾನಾಗೇ ಬುಡಕ್ಕೆ ಹೋಗುತ್ತದೆ. ‘ಎಲೆಗೆ’ ಅಂತ ಬರೆದಿದ್ದರೆ? ಆಮೇಲೆ ವಿವರಿಸಿದಾಗ ಅಕ್ಕ ಅಂದದ್ದು ಇದನ್ನೇ: ‘ಎಲೆ ಮೇಲೆ ಹನಿ ಕೂತ್ಕೋಬೇಕು ಅಂತ ಬರೀಬಾರ್ದಿತ್ತಾ?’ ‘ಹನಿ ಕೂರಿಸು’. ಮಾಡುವ ರೀತಿ ಹೇಳದೆ, ಆಗಬೇಕಾದದ್ದನ್ನು ಹೇಳುತ್ತದೆ. ನನಗೆ ಬಹಳ ಹಿಡಿಸಿತು.

ಇನ್ನೊಂದು ಪದ ಮಾತ್ರ ಹುಡುಕಬೇಕಾಗಲೇ ಇಲ್ಲ. ಕೊಳೆತ ಮನಿ ಪ್ಲಾಂಟಿನ ಮೇಲ್ಭಾಗವನ್ನು ಕತ್ತರಿಸಿ ನೀರಲ್ಲಿಡಬೇಕಿತ್ತು. ‘ಗೆಣ್ಣಿನ ಕೆಳಗೆ ಕತ್ತರಿಸು’ ಅಂದೆ, ಅಷ್ಟೇ. ಕಬ್ಬಿನ ಬಿತ್ತನೆ ತುಂಡು ಕಡಿದ ಕೈ ಅದು, ಮತ್ತೆ ಹೇಳಬೇಕಾಗಲಿಲ್ಲ. ಗೆಣ್ಣಿನಿಂದ ಬೇರು ಬಂತು, ಬಳ್ಳಿ ಉಳಿಯಿತು. ಮಣ್ಣು ನೋಡಲು ಈಗ ಎರಡು ಗೆಣ್ಣು ಬೆರಳು ಇಳಿಸುತ್ತಾಳೆ, ಒಣಗಿದ್ದರೆ ಮಾತ್ರ ಬುಡಕ್ಕೆ ನೀರು.

ನಿಮ್ಮ ಕಡೆ ಹೂವಿಗೆ, ಎಲೆಗೆ ಹೀಗೆ ಸಣ್ಣಗೆ ನೀರು ಕೊಡುವುದಕ್ಕೆ ಏನಂತಾರೆ? ಎಲೆತೋಟದವರು, ರೇಷ್ಮೆ ಮನೆಯವರು ಯಾರಾದರೂ ಇದ್ದರೆ ಖಂಡಿತ ಬರೆಯಿರಿ. ಅಕ್ಕ ಡಿಸೆಂಬರಿನಲ್ಲಿ ಮತ್ತೆ ಹೋಗುತ್ತಿದ್ದಾಳೆ. ಅಷ್ಟರೊಳಗೆ ಚೀಟಿ ತಿದ್ದಬೇಕು.