ಕದ್ರಾ ಅಣೆಕಟ್ಟಿನ ನೀರಿನ ಸುದ್ದಿ ಹೊಳೆದಂಡೆಯ ಮನೆಗಳಿಗೆ ಹೊತ್ತಿಗೆ ಸರಿಯಾಗಿ ತಲುಪುವುದು ಹೇಗೆ?

ಕಾಳಿದಂಡೆ, ಕಾರವಾರ:
2015ರಲ್ಲಿ ಆರಂಭವಾದ ಸ್ಮಾರ್ಟ್ ಸಿಟಿ ಯೋಜನೆಯ 100 ನಗರಗಳಲ್ಲಿ ಹುಬ್ಬಳ್ಳಿ-ಧಾರವಾಡ, ಮಂಗಳೂರು ಸೇರಿ ನಮ್ಮ ರಾಜ್ಯದ ಏಳು ನಗರಗಳಿದ್ದವು, ಕಾರವಾರ ಇರಲಿಲ್ಲ. ಆ ನಗರಗಳಲ್ಲಿರುವಂಥ ದೊಡ್ಡ ನಿಯಂತ್ರಣ ಕೇಂದ್ರವನ್ನು ನಾನು ಕೇಳುತ್ತಿಲ್ಲ. 2019ರ ಆಗಸ್ಟ್ ನೆರೆಯಲ್ಲಿ ಕಾಳಿ ನದಿಯ ಕದ್ರಾ ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದರೂ, ಸಾದಾ ಫೋನು ಬಳಸುವ ಕೆರವಡಿಯ ನನ್ನ ಅತ್ತೆಗೆ ಪಕ್ಕದ ಮನೆಯವರು ಬಂದು ಕರೆದಾಗಲೇ ಅದು ತಿಳಿದದ್ದು. ಮಳೆ, ಅಣೆಕಟ್ಟು, ಸಮುದ್ರ ಈ ಮೂರರ ಮಾಹಿತಿಯನ್ನು ಒಂದೆಡೆ ತಂದು, ಇಂಥ ಮನೆಗಳವರೆಗೂ ಮುಟ್ಟಿಸಲು ನಮ್ಮಂಥ ಸಣ್ಣ ಊರು ಎಲ್ಲಿಂದ ಆರಂಭಿಸಬೇಕು?

ಘಟ್ಟದಮೇಲೆ, ಶಿರಸಿ:
ನಾನು ಮಾಪಕಗಳ ಕೆಲಸದಲ್ಲಿರುವವನು. ತಾವು ಕೇಳಿದ ಮಾಹಿತಿಯಲ್ಲಿ ಹೆಚ್ಚಿನದು ಈಗಾಗಲೇ ಹುಟ್ಟುತ್ತಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿದ್ದು 15 ನಿಮಿಷಕ್ಕೊಮ್ಮೆ ವರದಿ ಕಳಿಸುತ್ತವೆ. ಕಾಳಿ ಕಣಿವೆಯ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳ ನೀರಿನ ಮಟ್ಟವನ್ನು ದಿನವೂ ದಾಖಲಿಸಲಾಗುತ್ತದೆ. ಭರತ-ಇಳಿತದ ವೇಳೆಯನ್ನಂತೂ ಮೊದಲೇ ಲೆಕ್ಕ ಹಾಕಿಡಬಹುದು. ಇವು ಬೇರೆ ಬೇರೆ ಕಡೆ, ಬೇರೆ ಬೇರೆ ನಮೂನೆಯಲ್ಲಿರುವುದೇ ತೊಡಕು. ಆದ್ದರಿಂದ ಹೊಸ ಯಂತ್ರ ಕೊಳ್ಳುವ ಮೊದಲು ಪ್ರತಿ ಅಂಕಿಯ ಜೊತೆಗೆ ಸ್ಥಳ, ವೇಳೆ, ಅಳತೆಯ ಮಾನ ಒಂದೇ ಕ್ರಮದಲ್ಲಿ ಬರುವಂತೆ, ಯಾವ ಕಂಪನಿಯ ಸಾಧನವಾದರೂ ಓದಬಲ್ಲ ಮುಕ್ತ ನಮೂನೆಯನ್ನು ಒಪ್ಪಿಕೊಳ್ಳಬೇಕು.

ಹೊಳೆಯ ನಡುವೆ ಮಟ್ಟಮಾಪಕ ಬೇಕೆಂದಾದರೆ, ಕರೆಂಟು ಹೋಗಿ ಮೊಬೈಲ್ ಟವರ್ ಕೂಡ ಸತ್ತಾಗಲೂ ನಡೆಯುವಂಥದ್ದನ್ನು ಆರಿಸಿಕೊಳ್ಳಿ. ಪರವಾನಗಿ ಬೇಡದ 865–867 ಮೆಗಾಹರ್ಟ್ಸ್ ಅಲೆಗಳಲ್ಲಿ ಸಣ್ಣ ಸಂದೇಶಗಳನ್ನು ದೂರಕ್ಕೆ ಕಳಿಸುವ ಲೋರಾ ರೇಡಿಯೊ ಸಣ್ಣ ಬ್ಯಾಟರಿಯಲ್ಲೇ ವರ್ಷಗಟ್ಟಲೆ ಬಾಳುತ್ತದೆ, ಆದರೆ ಗುಡ್ಡ ಅಡ್ಡ ಬಂದರೆ ದಾಟುವುದು ಕಷ್ಟ. ಆ ಸಂದೇಶಗಳನ್ನು ಪಡೆಯುವ ಪೆಟ್ಟಿಗೆಯನ್ನು ಎತ್ತರದಲ್ಲಿಟ್ಟು ಅದಕ್ಕೂ ಸೌರ ಬ್ಯಾಟರಿ ಕೊಡಬೇಕು. ಇನ್ನೊಂದು ಮಾತು: ಮಳೆಮಾಪಕದ ಬಾಯಿಗೆ ತರಗೆಲೆ ಬಿದ್ದು ಮುಚ್ಚಿದರೆ, ಜಡಿಮಳೆಯಲ್ಲೂ ಅದು ಸೊನ್ನೆಯನ್ನೇ ಕಳಿಸುತ್ತದೆ. ಪ್ರತಿ ಮಾಪಕವನ್ನು ನೋಡಿಕೊಳ್ಳಲು ಆ ಊರಿನವರೇ ಒಬ್ಬರು, ಸಂಬಳ ಸಹಿತ, ಇರಲೇಬೇಕೆಂಬುದು ನನ್ನ ಅನುಭವ.

ಮಲ್ಲಾಪುರದ ಓದುಗರು:
ಘಟ್ಟದ ಮೇಲಿನ ಅಣ್ಣನವರು ಹೇಳಿದ್ದು ಸರಿ. ಆದರೆ ಇಷ್ಟು ಸಾವಿರ ಕ್ಯೂಸೆಕ್ ಬಿಡುತ್ತಾರೆಂಬ ಸಂದೇಶ ಸಿಕ್ಕರೂ, ತನ್ನ ಕೊಟ್ಟಿಗೆಗೆ ನೀರು ಬರುತ್ತದೆಯೇ ಎಂಬುದು ದನ ಕಟ್ಟಿದವರಿಗೆ ತಿಳಿಯುವುದಿಲ್ಲ. ಅದರಲ್ಲೂ ಅಳಿವೆಯ ಹತ್ತಿರ ಭರತದ ಹೊತ್ತಿನಲ್ಲಿ ನೀರು ಸಮುದ್ರಕ್ಕೆ ಇಳಿಯುವುದು ನಿಧಾನವಾಗುವುದರಿಂದ, ಅಷ್ಟೇ ಕ್ಯೂಸೆಕ್‌ಗೆ ಒಂದು ದಿನ ಅಂಗಳ ಒಣಗಿರುತ್ತದೆ, ಇನ್ನೊಂದು ದಿನ ಮೆಟ್ಟಿಲು ಮುಳುಗಿರುತ್ತದೆ. ಕಂಬಗಳಿಗೂ ಗೋಡೆಗಳಿಗೂ ಬಣ್ಣದ ಗುರುತು ಹಾಕಿ, ‘ಇಂದು ರಾತ್ರಿ ಕೆಂಪು ಗೆರೆಯವರೆಗೆ’ ಎಂದು ಕನ್ನಡದಲ್ಲೂ ಕೊಂಕಣಿಯಲ್ಲೂ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಕೇರಿಗೊಬ್ಬರು ಮನೆಮನೆಗೆ ಹೋಗಿ ಹೇಳಿ, ಹೇಳಿ ಮುಗಿಯಿತೆಂದು ತಿರುಗಿ ತಿಳಿಸುವ ವ್ಯವಸ್ಥೆಯೂ ಬೇಕು. ಯಾವ ಮನೆ ಬಿಟ್ಟುಹೋಯಿತೆಂಬುದು ಆಗ ಮಾತ್ರ ಗೊತ್ತಾಗುತ್ತದೆ.

ಕಾಳಿದಂಡೆ, ಕಾರವಾರ:
ಇಬ್ಬರಿಗೂ ಕೃತಜ್ಞತೆಗಳು. ಗುರುತಿನ ಕೆಲಸಕ್ಕೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ. 2019ರ ನೀರಿನ ಕಲೆ ನಮ್ಮ ಕೇರಿಯ ಕೆಲವು ಗೋಡೆಗಳಲ್ಲಿ ಇನ್ನೂ ಕಾಣುತ್ತದೆ. ಸುಣ್ಣ ಬಳಿದವರಿಗೂ ಎಲ್ಲಿಯವರೆಗೆ ಬಂದಿತ್ತೆಂಬುದು ನೆನಪಿದೆ. ಮಳೆಗಾಲಕ್ಕೆ ಮುಂಚೆ ಅವುಗಳ ಎತ್ತರವನ್ನು ಅಳೆದು ಬರೆದಿಡುತ್ತೇವೆ. ಸರ್ವೆ ಗೊತ್ತಿದ್ದು ಒಂದು ಭಾನುವಾರ ಜೊತೆಗೆ ಬರಬಲ್ಲವರು ಇದ್ದರೆ ದಯವಿಟ್ಟು ಇಲ್ಲೇ ತಿಳಿಸಿ.