ಮೇಲ್ಮಹಡಿಗೆ ಇರುವುದು ಒಂದೇ ಲ್ಯಾನ್ ಕೇಬಲ್: ಇನ್ನಷ್ಟು ಪೋರ್ಟ್ ಪಡೆಯುವುದು ಹೇಗೆ?

ಎಸ್.ಎಸ್. ಪುರಂ ನಿವಾಸಿ, ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿರುವ ನಮ್ಮ ಎರಡಂತಸ್ತಿನ ಮನೆಗೆ 200 ಎಂಬಿಪಿಎಸ್ ಫೈಬರ್ ಸಂಪರ್ಕವಿದೆ. ಫೈಬರ್ ಬಂದು ಸೇರುವ ಪೆಟ್ಟಿಗೆಯೇ ರೌಟರ್ ಕೂಡ ಆಗಿದ್ದು, ಕೆಳಗಿನ ಹಾಲ್‌ನ ಗೋಡೆಯ ಮೇಲಿದೆ. ಟಿವಿ, ಕ್ಯಾಮೆರಾಗಳ ರೆಕಾರ್ಡರ್, ತಂದೆಯವರ ಕಂಪ್ಯೂಟರ್ ಮತ್ತು ಮೇಲ್ಮಹಡಿಗೆ ಹೋಗುವ ಕೇಬಲ್, ಇಷ್ಟಕ್ಕೇ ಅದರ ನಾಲ್ಕೂ ಲ್ಯಾನ್ ಪೋರ್ಟ್‌ಗಳು ಭರ್ತಿಯಾಗಿವೆ.

ಮೇಲಿನ ಕೋಣೆಯಲ್ಲಿ ನನ್ನ ಕಚೇರಿ ಕೆಲಸದ ಲ್ಯಾಪ್‌ಟಾಪ್, ತಂಗಿಯ ಕಂಪ್ಯೂಟರ್ ಹಾಗೂ ಪ್ರಿಂಟರ್, ಈ ಮೂರಕ್ಕೂ ತಂತಿಯ ಸಂಪರ್ಕ ಬೇಕಾಗಿದೆ. ಆರ್‌ಸಿಸಿ ದಾಟಿ ಬರುವ ವೈಫೈ ನಂಬಿಕೊಂಡು ವಿಡಿಯೊ ಮೀಟಿಂಗ್ ನಡೆಸುವುದು ಕಷ್ಟ. ಗೋಡೆಯೊಳಗಿನ ಪೈಪಿನಲ್ಲಿ ಇನ್ನೊಂದು ಕೇಬಲ್ ಎಳೆಯಲು ಜಾಗವಿಲ್ಲ. ಅಂಗಡಿಯವರು ಒಂದನ್ನು ಎರಡು ಮಾಡುವ ಪುಟ್ಟ ಸ್ಪ್ಲಿಟರ್ ತೋರಿಸಿದರು. ಸ್ನೇಹಿತರೊಬ್ಬರು ಹಳೆಯ ರೌಟರ್ ಇದ್ದರೆ ಅದನ್ನೇ ಹಾಕಿಕೊಳ್ಳಿ ಎಂದರು. ಯಾವುದು ಸರಿ? ಒಂದೇ ಕೇಬಲ್ಲನ್ನು ಮೂರು ಸಾಧನಗಳು ಹಂಚಿಕೊಂಡರೆ ವೇಗ ಮೂರರಲ್ಲೊಂದು ಭಾಗಕ್ಕೆ ಇಳಿಯುತ್ತದೆಯೇ? ಕರೆಂಟ್ ಹೋದಾಗಲೂ ಕೆಲಸ ನಿಲ್ಲದಂತೆ ಮಾಡಬಹುದೇ?

ಕೋಲಾರದಿಂದ ನೆಟ್‌ವರ್ಕ್ ಕೆಲಸದವನು

ನಮಸ್ಕಾರ ಸರ್. ತಮಗೆ ಬೇಕಾಗಿರುವುದು ಐದು ಪೋರ್ಟಿನ ಒಂದು ಸಾದಾ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್, ಅಂದರೆ ಒಂದು ಕೇಬಲ್ಲಿನ ಸಂಪರ್ಕವನ್ನು ಹಲವು ಸಾಧನಗಳಿಗೆ ಕೊಡುವ ಪೆಟ್ಟಿಗೆ, ಅಷ್ಟೆ. ಮೇಲೆ ಬಂದಿರುವ ಕೇಬಲ್ಲನ್ನು ಅದರ ಯಾವುದಾದರೂ ಒಂದು ಪೋರ್ಟಿಗೆ ಚುಚ್ಚಿದರೆ ಉಳಿದ ನಾಲ್ಕು ತಮ್ಮ ಬಳಕೆಗೆ ಸಿಗುತ್ತವೆ. ಸೆಟ್ಟಿಂಗ್ ಏನೂ ಇರುವುದಿಲ್ಲ. ಐಪಿ ವಿಳಾಸಗಳನ್ನು (ನೆಟ್‌ವರ್ಕಿನಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಸಂಖ್ಯೆಗಳನ್ನು) ಕೆಳಗಿನ ರೌಟರೇ ಎಂದಿನಂತೆ ಹಂಚುತ್ತದೆ. ಮುಂದೆ ಮೇಲೆಯೂ ಕ್ಯಾಮೆರಾ ಹಾಕಿಸುವ ಯೋಚನೆಯಿದ್ದರೆ ಈಗಲೇ ಎಂಟು ಪೋರ್ಟಿನದು ತೆಗೆದುಕೊಳ್ಳಿ.

ಸ್ಪ್ಲಿಟರ್ ದಯವಿಟ್ಟು ಬೇಡ. ಕೇಬಲ್ಲಿನ ನಾಲ್ಕು ಜೋಡಿ ತಂತಿಗಳನ್ನು ಎರಡೆರಡಾಗಿ ಬೇರ್ಪಡಿಸುವುದಷ್ಟೇ ಅದರ ಕೆಲಸ. ಆದ್ದರಿಂದ ಎರಡೂ ತುದಿಗಳಲ್ಲಿ ಒಂದೊಂದು ಸ್ಪ್ಲಿಟರ್ ಬೇಕು, ರೌಟರಿನಲ್ಲಿ ಎರಡು ಪೋರ್ಟ್ ಖಾಲಿ ಇರಬೇಕು, ಇಷ್ಟೆಲ್ಲ ಮಾಡಿದರೂ ಪ್ರತಿ ಸಂಪರ್ಕ 100 ಎಂಬಿಪಿಎಸ್ ಮೀರುವುದಿಲ್ಲ. ತಮ್ಮ ರೌಟರಿನಲ್ಲಿ ಖಾಲಿ ಪೋರ್ಟೇ ಇಲ್ಲದಿರುವಾಗ ಅದರಿಂದ ಯಾವ ಉಪಯೋಗವೂ ಇಲ್ಲ.

ವೇಗದ ವಿಷಯಕ್ಕೆ ಬಂದರೆ, ಸ್ವಿಚ್ ವೇಗವನ್ನು ಮೊದಲೇ ಪಾಲು ಮಾಡಿಡುವುದಿಲ್ಲ. ಆ ಕ್ಷಣದಲ್ಲಿ ಯಾರಿಗೆ ಬೇಕೋ ಅವರು ಬಳಸಿಕೊಳ್ಳುತ್ತಾರೆ. ಗಿಗಾಬಿಟ್ ಕೇಬಲ್ಲಿನಲ್ಲಿ ಎರಡೂ ದಿಕ್ಕಿಗೆ 1000 ಎಂಬಿಪಿಎಸ್ ಹರಿಯಬಲ್ಲದು, ತಮ್ಮ ಇಂಟರ್ನೆಟ್ ಇರುವುದೇ 200. ಹಾಗಾಗಿ ಈ ಕೇಬಲ್ ಇಕ್ಕಟ್ಟಾಗುವ ಪ್ರಶ್ನೆಯೇ ಬರುವುದಿಲ್ಲ. ಇನ್ನೊಂದು ಅನುಕೂಲವನ್ನೂ ಗಮನಿಸಿ: ಯಾವ ಸಾಧನ ಯಾವ ಪೋರ್ಟಿನಲ್ಲಿದೆ ಎಂಬುದನ್ನು ಸ್ವಿಚ್ ತಾನೇ ಗುರುತಿಟ್ಟುಕೊಳ್ಳುವುದರಿಂದ, ತಂಗಿಯವರ ಕಂಪ್ಯೂಟರಿನಿಂದ ಪ್ರಿಂಟರಿಗೆ ಹೋಗುವ ಫೈಲು ಕೆಳಗಿನ ಮಹಡಿಗೆ ಇಳಿಯದೆ ಮೇಲೆಯೇ ಸಾಗಿಹೋಗುತ್ತದೆ.

ಆದರೆ ಖರೀದಿಗೆ ಮುಂಚೆ ರೌಟರಿನ ಹಿಂಬದಿಯನ್ನು ಒಮ್ಮೆ ನೋಡಬೇಕೆಂದು ಒತ್ತಿ ಹೇಳುತ್ತೇನೆ. ಫೈಬರ್ ಕಂಪನಿಗಳು ಕೊಡುವ ಕೆಲವು ಪೆಟ್ಟಿಗೆಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್ ಇದ್ದು, ಉಳಿದವು 100 ಎಂಬಿಪಿಎಸ್‌ನವು. ಪೋರ್ಟಿನ ಪಕ್ಕದಲ್ಲಿ ಜಿಇ ಎಂದಿದ್ದರೆ ಗಿಗಾಬಿಟ್, ಎಫ್‌ಇ ಎಂದಿದ್ದರೆ 100. ಮೇಲ್ಮಹಡಿಯ ಕೇಬಲ್ ಎಫ್‌ಇ ಪೋರ್ಟಿನಲ್ಲಿದ್ದರೆ ಎಷ್ಟೇ ಒಳ್ಳೆಯ ಸ್ವಿಚ್ ತಂದರೂ ಅರ್ಧ ವೇಗವಷ್ಟೇ ಸಿಗುತ್ತದೆ. ಹಾಗಿದ್ದಲ್ಲಿ ಅದನ್ನು ಜಿಇ ಪೋರ್ಟಿಗೆ ಬದಲಾಯಿಸಿ, ಟಿವಿಯನ್ನು ಎಫ್‌ಇಗೆ ಹಾಕಿ. 4ಕೆ ಚಿತ್ರಕ್ಕೂ ಸುಮಾರು 25 ಎಂಬಿಪಿಎಸ್ ಸಾಕಾಗುವುದರಿಂದ ಟಿವಿಗೆ ಯಾವ ಕೊರತೆಯೂ ಆಗದು.

ಹಳೆಯ ರೌಟರನ್ನೂ ಸ್ವಿಚ್ಚಿನಂತೆ ಬಳಸಬಹುದು. ಅದರ ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ ಕೆಲಸ) ನಿಲ್ಲಿಸಿ, ಅದರ ವಿಳಾಸವನ್ನು ಮುಖ್ಯ ರೌಟರಿನ ಸಾಲಿನಲ್ಲೇ ಬೇರೆ ಯಾರಿಗೂ ಸಿಗದಂತೆ ಬದಲಿಸಿ (ಮುಖ್ಯವಾದದ್ದು 192.168.1.1 ಆಗಿದ್ದರೆ ಇದಕ್ಕೆ 192.168.1.2), ಕೆಳಗಿನಿಂದ ಬಂದ ಕೇಬಲ್ಲನ್ನು ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಸಂಪರ್ಕಕ್ಕೆಂದು ಇರುವುದು) ಹಾಕದೆ ಲ್ಯಾನ್ ಪೋರ್ಟಿಗೇ ಹಾಕಬೇಕು. ವ್ಯಾನ್ ಪೋರ್ಟಿಗೆ ಹಾಕಿದರೆ ಮನೆಯೊಳಗೆ ಎರಡು ಪ್ರತ್ಯೇಕ ನೆಟ್‌ವರ್ಕ್‌ಗಳಾಗಿ, ಕೆಳಗಿನ ಕಂಪ್ಯೂಟರಿಗೆ ಮೇಲಿನ ಪ್ರಿಂಟರ್ ಕಾಣಿಸದೆ ಹೋಗುತ್ತದೆ. ಹಳೆಯ ರೌಟರುಗಳಲ್ಲಿ ಅನೇಕವು 100 ಎಂಬಿಪಿಎಸ್‌ನವೇ ಆಗಿರುವುದರಿಂದ ನನ್ನ ಮತ ಸ್ವಿಚ್ಚಿಗೇ.

ಚಿಕ್ಕಬಳ್ಳಾಪುರದ ವೈರಿಂಗ್ ಕೆಲಸಗಾರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಕೇಬಲ್ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಮನೆಗಳಲ್ಲಿ ನಾನು ನೋಡುವ ತೊಂದರೆಗಳಲ್ಲಿ ಹೆಚ್ಚಿನವು ಅಲ್ಲೇ ಇರುತ್ತವೆ.

100 ಎಂಬಿಪಿಎಸ್‌ಗೆ ಕಿತ್ತಳೆ ಮತ್ತು ಹಸಿರು ಜೋಡಿಗಳು ಸಾಕು. ಗಿಗಾಬಿಟ್‌ಗೆ ನೀಲಿ, ಕಂದು ಸೇರಿ ನಾಲ್ಕೂ ಜೋಡಿ ಸರಿಯಿರಬೇಕು. ಕೇಬಲ್ಲಿನ ತುದಿಗೆ ಕನೆಕ್ಟರ್ ಕ್ರಿಂಪ್ ಮಾಡುವಾಗ (ಒತ್ತಿ ಕೂರಿಸುವಾಗ) ಕಂದು ತಂತಿ ಕೂದಲೆಳೆಯಷ್ಟು ಹಿಂದುಳಿದರೂ ಇಂಟರ್ನೆಟ್ ಬರುತ್ತಲೇ ಇರುತ್ತದೆ, ಆದರೆ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿದಿರುತ್ತದೆ. ಮೇಲಿನ ಲ್ಯಾಪ್‌ಟಾಪನ್ನು ಈಗಿರುವ ಕೇಬಲ್ಲಿಗೆ ನೇರವಾಗಿ ಸಿಕ್ಕಿಸಿ, ವಿಂಡೋಸ್‌ನ ಈಥರ್ನೆಟ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ 1000 ತೋರಿಸುತ್ತದೆಯೋ 100 ತೋರಿಸುತ್ತದೆಯೋ ನೋಡಿ. ಕೇಬಲ್ ಕ್ಯಾಟ್ 5ಇ ದರ್ಜೆಯದಾಗಿದ್ದರೂ 100 ಮೀಟರ್‌ವರೆಗೆ ಗಿಗಾಬಿಟ್‌ಗೆ ಸಾಲುತ್ತದೆ. ಕ್ಯಾಟ್ 6 ಇಲ್ಲವೆಂದು ಗೋಡೆ ಒಡೆಸಬೇಡಿ.

ಹೊಸ ತುಂಡು ಕೇಬಲ್ ಕೊಳ್ಳುವಾಗ ಮಾತ್ರ ಎಚ್ಚರವಿರಲಿ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಕೇಬಲ್ ಕಡಿಮೆ ಬೆಲೆಗೆ ಸಿಗುತ್ತದೆ, ಎರಡು ಮೂರು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತದೆ. ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದಾಗ ಒಳಗೂ ಕೆಂಪಾಗಿದ್ದರೆ ಅದು ತಾಮ್ರ, ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ.

ಕರೆಂಟಿನ ವಿಷಯ: ಇಂತಹ ಸ್ವಿಚ್ ಬಹಳ ಕಡಿಮೆ ವಿದ್ಯುತ್ ಬಳಸುವುದರಿಂದ ರೌಟರಿಗೆ ಬಳಸುವ ಚಿಕ್ಕ ಯುಪಿಎಸ್ ಇದಕ್ಕೂ ಆಗುತ್ತದೆ. ಆದರೆ ರೌಟರ್ ಸಾಮಾನ್ಯವಾಗಿ 12 ವೋಲ್ಟಿನದು, ಸ್ವಿಚ್ ಅನೇಕ ವೇಳೆ 5 ಅಥವಾ 9 ವೋಲ್ಟಿನದು. ಪಿನ್ ಹೊಂದಿತೆಂದು 12 ವೋಲ್ಟ್ ಕೊಟ್ಟರೆ ಸ್ವಿಚ್ ಸುಟ್ಟುಹೋಗಬಹುದು. ಅಡಾಪ್ಟರಿನ ಮೇಲೆ ಬರೆದಿರುವುದನ್ನು ಓದಿಯೇ ಜೋಡಿಸಿ. ಕೆಳಗಿನ ರೌಟರಿಗೂ ಬ್ಯಾಕಪ್ ಇರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಎಸ್.ಎಸ್. ಪುರಂ ನಿವಾಸಿ, ತುಮಕೂರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೇಬಲ್ ಜಿಇ ಪೋರ್ಟಿನಲ್ಲೇ ಇತ್ತು, ಆದರೂ ಲಿಂಕ್ ಸ್ಪೀಡ್ 100 ಎಂದೇ ತೋರಿಸಿತು. ಮೇಲಿನ ತುದಿಯ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದಾಗ ಏಳು ತಂತಿಗಳ ತುದಿ ಮುಂದೆ ತಾಗಿದ್ದು, ಅಂಚಿನ ಕಂದು ತಂತಿಯೊಂದೇ ಒಳಗೆ ನಿಂತಿದ್ದು ಸ್ಪಷ್ಟವಾಗಿ ಕಂಡಿತು. ಹೊಸ ಕನೆಕ್ಟರ್ ಹಾಕಿಸಿದ ಮೇಲೆ 1000 ಬಂದಿದೆ. ಎಂಟು ಪೋರ್ಟಿನ ಸ್ವಿಚ್ಚನ್ನೇ ತರುತ್ತೇನೆ.

ತಿಪಟೂರಿನ ತೆಂಗು ಬೆಳೆಗಾರ

ಇದೇ ಚರ್ಚೆಯಲ್ಲಿ ಕೇಳುತ್ತಿರುವುದಕ್ಕೆ ಕ್ಷಮೆಯಿರಲಿ. ಮನೆಯಿಂದ ಸುಮಾರು 120 ಮೀಟರ್ ದೂರದ ಕೊಬ್ಬರಿ ಶೆಡ್ಡಿಗೆ ಎರಡು ಕ್ಯಾಮೆರಾ ಹಾಕಿಸಬೇಕು. ಅಲ್ಲಿಗೂ ಹೀಗೆಯೇ ಕೇಬಲ್ ಎಳೆದು ಸ್ವಿಚ್ ಹಾಕಬಹುದೇ?

ಕೋಲಾರದಿಂದ ನೆಟ್‌ವರ್ಕ್ ಕೆಲಸದವನು

ಬೇಡ ಯಜಮಾನರೇ. ತಾಮ್ರದ ಲ್ಯಾನ್ ಕೇಬಲ್ಲಿನ ಮಿತಿ 100 ಮೀಟರ್, ತಮ್ಮದು ಅದನ್ನು ಮೀರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಯಲಿನಲ್ಲಿ ಎರಡು ಕಟ್ಟಡಗಳ ನಡುವೆ ತಾಮ್ರ ಎಳೆದರೆ ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಕಾಲದಲ್ಲಿ ಎರಡೂ ಕಡೆಯ ಉಪಕರಣಗಳು ಹಾಳಾಗುವ ಅಪಾಯವಿದೆ. ಲೋಹದ ತಂತಿಯಿಲ್ಲದ ಫೈಬರ್ ಕೇಬಲ್ ಎಳೆಸಿ, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆ) ಹಾಕಿಸಿ. ಶೆಡ್ಡಿನಲ್ಲಿ ಪಿಒಇ (ಲ್ಯಾನ್ ಕೇಬಲ್ಲಿನಲ್ಲೇ ಕರೆಂಟ್ ಕೊಡುವ ವ್ಯವಸ್ಥೆ) ಇರುವ ಸ್ವಿಚ್ ಇಟ್ಟು, ಪಿಒಇ ಕ್ಯಾಮೆರಾಗಳನ್ನೇ ಆರಿಸಿದರೆ ಪ್ರತಿ ಕ್ಯಾಮೆರಾಕ್ಕೆ ಬೇರೆ ಕರೆಂಟ್ ವೈರ್ ಎಳೆಯಬೇಕಾಗಿಲ್ಲ. ಫೈಬರ್ ಎಳೆಯುವವರಿಗೆ ಎರಡು ಎಳೆ ಹೆಚ್ಚುವರಿಯಾಗಿ ಬಿಡಲು ಹೇಳಿ. ಒಂದು ತುಂಡಾದರೆ ಮತ್ತೆ ಅಗೆಸುವ ಖರ್ಚು ಉಳಿಯುತ್ತದೆ.